ವಿಮಾನದ ಬಾಯಿಗೆ ಬನ್ನಿ

ಶಿಗ್ಗಾಂವಿಯಿಂದ ತಡಸಕ್ಕೆ ಹೋಗುವ ದಾರಿಯ ಬಲಕ್ಕೆ ಜೋಳದ ಹೊಲಗಳನ್ನು ಸಪಾಟು ಮಾಡಿ ಸರಕಾರ ಒಂದು ವಿಮಾನದ ಬಯಲು ಕಟ್ಟಿತ್ತು. ಯುದ್ಧದ ಕಾಲ, ನಲವತ್ತೆರಡನೆಯ ಇಸವಿ. ಅಲ್ಲಿ ವಿಮಾನ ವಾರಕ್ಕೊಂದು ಇಳಿದರೆ ಅನುಮಾನ ದಿನಕ್ಕೆ ನಾಲ್ಕು ಇಳಿಯುತ್ತಿತ್ತು. ಸುತ್ತಲ ಊರುಗಳಲ್ಲಿ ತಂತಿ ಕತ್ತರಿಸುವವರು, ಚಾವಡಿ ಸುಡುವವರು ಎದ್ದಿದ್ದರು. ಬಯಲಿನ ಗೋರಾ ಕಪ್ತಾನನಿಗೆ ಅವರ ಚಿಂತೆ ಅಷ್ಟಿರಲಿಲ್ಲ. ಅವರು ಬೇಲಿಯ ಆಚೆಗಿದ್ದರು. ಅವನ ನಿದ್ದೆ ಕೆಡಿಸಿದವರು ಬೇಲಿಯ ಒಳಗೆ ಅವನದೇ ಸಂಬಳ ಉಣ್ಣುತ್ತಿದ್ದ ಕೂಲಿಗಳು, ಕಾವಲುಗಾರರು.

ಅದಕ್ಕೆ ಅವನು ಜೋಡಿಯ ಕಾಯಿದೆ ತಂದ. ವಿಮಾನದ ಹತ್ತಿರ ಯಾರೂ ಒಬ್ಬರೇ ಇರಕೂಡದು. ಇಬ್ಬರಿಬ್ಬರು ಕಾಯಬೇಕು, ವಿಮಾನವನ್ನೂ ಒಬ್ಬರನ್ನೊಬ್ಬರೂ. ಒಬ್ಬ ತಪ್ಪಿದರೆ ಶಿಕ್ಷೆ ಇಬ್ಬರಿಗೂ. ಬಿಎ ಪಾಸಾದ ಗುಮಾಸ್ತ ಶಂಕ್ರಪ್ಪ ಇದನ್ನು ಕಪ್ತಾನನ ದನಿಯಲ್ಲೇ, ಅವನಂತೆಯೇ ಮೂಗಿನಿಂದ ಕನ್ನಡಿಸಿದಾಗ ಜನರೆಲ್ಲ ನಕ್ಕರು. ಕಾಯಿದೆ ಇಷ್ಟು ಹಿಡಿಸಿತೇ ಎಂದು ಕಪ್ತಾನನೂ ನಕ್ಕ.

ಸವಣೂರಿನ ಹಜರತಅಲಿಗೆ ಜೋಡಿಯಾಗಿ ಬಿದ್ದವನು ಹುಲಗೂರಿನ ಪರಮೇಶಪ್ಪ. ಹಜರತಅಲಿ ನಿಂತಲ್ಲಿ ನಿಲ್ಲದ ಜೀವ. ಅವನು ಸುತ್ತಿ ಸುತ್ತಿ ವಿಮಾನದ ಸುತ್ತಲಿನ ಹುಲ್ಲೇ ಸವೆದುಹೋಗಿತ್ತು. ಪರಮೇಶಪ್ಪ ಕೂತರೆ ಏಳದವನು. ನೀನು ತಿರುಗುವವ, ನಾನು ಕೂಡುವವ, ಇಬ್ಬರೂ ಸೇರಿ ಒಂದು ಗಾಣವಾಯಿತು ಎಂದು ಅವನು ಚಾಷ್ಟಿ ಮಾಡುತ್ತಿದ್ದ. ಕಾಯಿದೆಯಲ್ಲಿಲ್ಲದ ಒಂದು ಒಪ್ಪಂದ ಅವರಲ್ಲಿತ್ತು. ಇವನು ನಮಾಜಿಗೆ ಬಟ್ಟೆ ಹಾಸಿದಾಗ ಅವನೊಬ್ಬನೇ ಕಾಯಬೇಕು. ಅವನು ಲಿಂಗಪೂಜೆಗೆ ಕೂತಾಗ ಇವನು. ದೇವರ ಕಡೆ ಮುಖ ಮಾಡಿದವನ ಬೆನ್ನ ಹಿಂದೆ ಕೆಟ್ಟದ್ದು ನಡೆದೀತೆಂದು ಇಬ್ಬರಿಗೂ ಅನಿಸಿರಲಿಲ್ಲ.

ದಸರೆಯ ದಿನ ಎಲ್ಲರ ರುಮಾಲಿನಲ್ಲೂ ಬನ್ನಿ ಎಲೆ. ಬಾಗಿಲಲ್ಲಿ ಝಡತಿ ಮಾಡುವವರು ಚಾಕು, ಕಡ್ಡಿಪೆಟ್ಟಿಗೆ ಹುಡುಕಿದರೇ ಹೊರತು ಎಲೆಯನ್ನು ತಡೆಯಲಿಲ್ಲ. ಹಬ್ಬದ ಬಂಗಾರವದು, ಅವರಿಗೂ ಪಾಲು ಸಿಕ್ಕಿತ್ತು.

ಹಬ್ಬದ ದಿನ ಬಂದಿಳಿದಿದ್ದ ವಿಮಾನ ಮರುದಿನ ಬೆಳಿಗ್ಗೆ ಹೊರಟು ನಿಂತಿತು. ಗಾಲಿಗೆ ಅಡ್ಡ ಇಟ್ಟ ಕಟ್ಟಿಗೆಯ ದಿಮ್ಮಿಗಳನ್ನು ಹಗ್ಗದಿಂದ ಎಳೆಯುವುದು ಈ ಜೋಡಿಯ ಕೆಲಸ, ಆಚೆಗೊಬ್ಬ, ಈಚೆಗೊಬ್ಬ. ಪೈಲಟ್ ಎಳೆ ವಯಸ್ಸಿನವನು. ಹಿಂದಿನ ದಿನ ಹಜರತಅಲಿಯ ಬುತ್ತಿಯಲ್ಲಿ ರೊಟ್ಟಿ ಬೇಡಿ ತಿಂದು, ಚಟ್ನಿಯ ಖಾರಕ್ಕೆ ಅತ್ತು, ಮತ್ತೊಂದು ಬೇಡಿದ್ದ. ಅವನು ಒಳಗೆ ಹತ್ತಿ ಕೂತ. ಪರಮೇಶಪ್ಪ ಜೋಡಿಗಾರನ ಕಿವಿಗೆ ಬಾಗಿದ.

"ನಿನ್ನೆ ಯಾರನ್ನೂ ಬಿಟ್ಟಿಲ್ಲ ನೋಡಪಾ. ಇಮಾನಕ್ಕೂ ಬಂಗಾರ ಕೊಟ್ಟೇನಿ."

"ಇಮಾನಕ್ಕ? ಯಾವಾಗ?"

"ನೀ ನಮಾಜಿಗೆ ಕುಂತಿದ್ದೆಲ್ಲ, ಆವಾಗ. ಹಬ್ಬದಾಗ ಬಂದ ಬೀಗರನ್ನ ಬರೇ ಬಾಯೀಲೆ ಕಳಸಬಾರದು. ರೆಕ್ಕಿ ಕೆಳಗ ಸಣ್ಣ ಬಾಯಿ ಐತಲ್ಲ, ಅದರಾಗ ಹಿಡಿದಷ್ಟು ತುರುಕೇನಿ."

ಹೇಳಿ ತನ್ನ ಬದಿಗೆ ಹೋದ. ಪಂಖ ತಿರುಗಿ ಧೂಳೆದ್ದಿತು. ಆ ಬಾಯಿ ಯಾತಕ್ಕೆಂದು ಹಜರತಅಲಿಗೆ ಗೊತ್ತಿರಲಿಲ್ಲ. ಏನೂ ಆಗಲಿಕ್ಕಿಲ್ಲ ಎಂದುಕೊಂಡ. ಆಗಿಬಿಟ್ಟರೆ? ಹೇಳಿದರೆ ಇಬ್ಬರೂ ಜೇಲಿಗೆ. ಈ ವರ್ಷ ವಿಮಾನದಲ್ಲಿ ಏನಾದರೂ ತುರುಕಿದವನನ್ನು ಜೇಲಿನಿಂದ ಹೊರಗೆ ಬಿಟ್ಟಾರೆಂಬ ಖಾತ್ರಿಯೂ ಇಲ್ಲ. ಹೇಳದಿದ್ದರೆ ಆ ರೊಟ್ಟಿ ತಿಂದ ಹುಡುಗ. ಪೈಲಟ್ ಹೆಬ್ಬೆರಳೆತ್ತಿದ. ಪರಮೇಶಪ್ಪ ದಿಮ್ಮಿ ಎಳೆದ. ಹಜರತಅಲಿಯ ಕೈ ಹಗ್ಗದ ಮೇಲಿತ್ತು, ಬಿಟ್ಟಿತು, ಮತ್ತೆ ಹಿಡಿಯಿತು. ಆಮೇಲೆ ಅವನು ಹೋಗಿ ತನ್ನ ದಿಮ್ಮಿಯ ಮೇಲೆ ಕುಂಡಿಯೂರಿ ಕೂತುಬಿಟ್ಟ.

ಪೈಲಟ್ ಕೈ ಬೀಸಿದ, ಬೈದ, ಕಡೆಗೆ ಪಂಖ ನಿಲ್ಲಿಸಿದ. ಕಪ್ತಾನ ಓಡಿ ಬಂದ, ಹಿಂದೆ ಶಂಕ್ರಪ್ಪ. ಹಜರತಅಲಿ ರೆಕ್ಕೆಯ ಕೆಳಗಿನ ಸಣ್ಣ ಕೊಳವೆಯತ್ತ ಬೆರಳು ಮಾಡಿದ. ಪೈಲಟ್ ತಂತಿ ಹಾಕಿ ಎಳೆದರೆ ಬಾಡಿದ ಎಲೆಗಳು ಬಂದವು, ಮತ್ತೂ ಬಂದವು. ಅವನ ಮುಖ ಬಿಳುಪಿನ ಮೇಲೆ ಬಿಳುಪಾಯಿತು. ಗಾಳಿ ಕುಡಿದು ವಿಮಾನದ ವೇಗ ಹೇಳುವ ಬಾಯಿ ಅದು. ಅದು ಕಟ್ಟಿದರೆ ಮೇಲೆ ಹೋದವನಿಗೆ ತಾನು ಹಾರುತ್ತಿರುವುದೋ ಬೀಳುತ್ತಿರುವುದೋ ತಿಳಿಯುವುದಿಲ್ಲ.

ಯಾರು ಮಾಡಿದ್ದು ಎಂದು ಕಪ್ತಾನ ಕೇಳಿದ. ಶಂಕ್ರಪ್ಪ ಅದನ್ನು ಈ ಸಲ ತನ್ನ ದನಿಯಲ್ಲೇ ಕೇಳಿದ.

"ನಾನರೀ," ಎಂದ ಪರಮೇಶಪ್ಪ, ಶಾಲು ಹೊದಿಸಿಕೊಳ್ಳಲು ಬಂದವನಂತೆ ಮುಂದೆ ಬಂದು. "ಬಂಗಾರರೀ ಅದು. ಸಾಹೇಬರು ಬಂಗಾರದಂಗ ಇರ್ಲಿ ಅಂತ."

ಶಂಕ್ರಪ್ಪ ಬೆವರುತ್ತ ಬನ್ನಿ, ಹಬ್ಬ, ಬಂಗಾರ ಎಲ್ಲವನ್ನೂ ಇಂಗ್ಲಿಷಿಗೆ ಸಾಗಿಸಿದ. ಅವನು ಎಲೆ ತುರುಕುವಾಗ ನೀನೆಲ್ಲಿದ್ದೆ ಎಂಬ ಪ್ರಶ್ನೆ ಹಜರತಅಲಿಗೆ ಬಂತು.

"ನಮಾಜಿನಾಗ ಇದ್ನಿರಿ."

ಕಪ್ತಾನ ಎಲೆಗಳನ್ನು ಬೂಟಿನಿಂದ ತಿರುವಿ ನೋಡಿದ. ವೈರಿಯನ್ನು ಹಿಡಿಯಲು ಬಂದವನಿಗೆ ಬೀಗರು ಸಿಕ್ಕಿದ್ದರು. ಪೈಲಟ್ ಅವನನ್ನು ಪಕ್ಕಕ್ಕೆ ಕರೆದು ಬಹಳ ಹೊತ್ತು ಏನೋ ಹೇಳಿದ. ಜೇಲು ತಪ್ಪಿತು. ನೌಕರಿ ಹೋಯಿತು, ಕಾಯಿದೆಯಂತೆ ಇಬ್ಬರದೂ.

ಶಿಗ್ಗಾಂವಿಯ ದಾರಿಯುದ್ದಕ್ಕೂ ಪರಮೇಶಪ್ಪ ವಟಗುಟ್ಟಿದ. ಮೆಲ್ಲಗೆ ಹೇಳಿದ್ದರೆ ಕಿತ್ತು ಒಗೆಯುತ್ತಿದ್ದನಂತೆ. ಎಂದೂ ಕೂಡದವನು ಒಂದು ದಿನ ಕೂತು ಇಬ್ಬರ ಅನ್ನವನ್ನೂ ಕಳೆದನಂತೆ. ಹಜರತಅಲಿ ಕೇಳುತ್ತಿರಲಿಲ್ಲ. ಹಿಂದೆ ಗುಡುಗಿದಂತಾಗಿ ವಿಮಾನ ಅವರ ನೆತ್ತಿಯ ಮೇಲೆ ಹಾದು ಸವಣೂರಿನ ಕಡೆ ಏರಿತು. ಅವನು ಗಕ್ಕನೆ ನಿಂತು ಪರಮೇಶಪ್ಪನ ರಟ್ಟೆ ಹಿಡಿದ.

"ಖರೇ ಹೇಳು. ಅದೊಂದ ಬಾಯಿಗೆ ಇಟ್ಟೀ ಹೌದಿಲ್ಲೋ? ಮತ್ತೆಲ್ಲೂ ಇಟ್ಟಿಲ್ಲಲ್ಲ?"

ಪರಮೇಶಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡ. ಹಜರತಅಲಿ ಅವನ ಮುಖ ಬಿಟ್ಟು ಆಕಾಶ, ಆಕಾಶ ಬಿಟ್ಟು ಅವನ ಮುಖ ನೋಡತೊಡಗಿದ.

"ತಡಿಯಪಾ," ಎಂದ ಪರಮೇಶಪ್ಪ. "ನೆನಪ ಮಾಡ್ಕೊಳ್ಳಾಕತ್ತೇನಿ."