ಇಪ್ಪತ್ತು ಮುಖದ ಕಲ್ಲು

"ಉಗುರಾಗಿನ ಕಲ್ಲಪುಡಿ ಬಿಡವಲ್ದು ಅಪ್ಪಾ, ಇನ್ನೊಂದು ತಂಬಿಗಿ ನೀರು ಕೊಡು."

ಸೀರೆ ಕಟ್ಟಿದ ಮರೆಯ ಆಚೆಯಿಂದ ಮಗಳು ಭಾಗ್ಯಜ್ಯೋತಿ ಕೈ ಚಾಚಿದಳು. ಶರಣಬಸಪ್ಪ ಹಂಡೆಯಿಂದ ಬಿಸಿನೀರು ತುಂಬಿಕೊಟ್ಟು ಗೋಡೆಗೆ ಆತು ನಿಂತ. ಒಳಗೆ ಹೆಂಗಸರು ಅವನ ಹೆಂಡತಿ ಮರೆಮ್ಮನಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು. ನಿನ್ನೆ ಸಂಜೆ ಶಹಾಬಾದಿನ ಬಸ್ಸಿಳಿದು, ದಂಡೋತಿಯ ಅಗಸಿಬಾಗಿಲ ಕಟ್ಟೆಯ ಮೇಲೆ "ಸ್ವಲ್ಪ ಕುಂದರತೀನಿ" ಅಂತ ಕೂತವಳು ಮತ್ತೆ ಏಳಲಿಲ್ಲ. ಐವತ್ತೆಂಟು ವರ್ಷದ ಹೆಂಗಸು. ಅದರಲ್ಲಿ ಇಪ್ಪತ್ತಾರು ವರ್ಷ ಶಹಾಬಾದಿನಲ್ಲಿ ಗನಿಸಾಬನ ಪಾಲಿಶ್ ಶೆಡ್ಡಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಉಜ್ಜಿದ್ದಳು.

"ಭಾಳ ತಿಕ್ಕಬ್ಯಾಡ ಮಗಳ," ಎಂದ ಶರಣಬಸಪ್ಪ. "ಇರೂದು ಇರ್ಲಿ."

ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಮೊದಲು ಗನಿಸಾಬ ಇಳಿದ. ಅವನ ಹಿಂದೆ ಕನ್ನಡಕದ ಗಂಡಸೊಬ್ಬ, ಮೂವತ್ತು ದಾಟಿದ ಹೆಂಗಸೊಬ್ಬಳು. ಇಬ್ಬರ ಕಣ್ಣೂ ಅತ್ತು ಕೆಂಪಾಗಿದ್ದವು. ಈ ಊರಿನವರಲ್ಲ, ಬಳಗದವರಲ್ಲ. ಶರಣಬಸಪ್ಪನ ದೊಡ್ಡಪ್ಪನ ಮಗ ಸಿದ್ಧಲಿಂಗ ಚಟ್ಟದ ಹಗ್ಗ ಬಿಗಿಯುವುದನ್ನು ನಿಲ್ಲಿಸಿ ಕೇಳಿದ: "ಇವರ‍್ಯಾರು ಗನಿಸಾಬ?"

"ಇವರು ಅಭಯ ಅಂತ, ಚಿತ್ತಾಪುರದ ಸಾಲಿಯೊಳಗ ಗಣಿತದ ಮಾಸ್ತರು. ಈಕಿ ಪ್ರಮಿತಾ, ಸೇಡಂದಾಗ ಕಾರಕೂನಿ ಇದ್ದಾಳ. ಮರೆಮ್ಮ ಬೆಹನ್ ಕೈಲೆ ದಾಳ ಮಾಡಿಸ್ಕೊಂತಿದ್ರು."

ದಾಳ ಎಂಬ ಮಾತಿಗೆ ಅಂಗಳದಲ್ಲಿದ್ದವರೆಲ್ಲ ಶರಣಬಸಪ್ಪನ ಕಡೆ ನೋಡಿದರು. ಅವನು ನೆಲ ನೋಡಿದ.

*

ಆರು ವರ್ಷದ ಹಿಂದೆ ಅಭಯ ಮಾಸ್ತರು ಮನೆಯ ನೆಲಕ್ಕೆ ಕಲ್ಲು ಕೊಳ್ಳಲು ಶೆಡ್ಡಿಗೆ ಬಂದಿದ್ದರು. ಹೊರಡುವಾಗ ಕಿಸೆಯಿಂದ ಮೂಲೆ ಮುರಿದ ಪ್ಲಾಸ್ಟಿಕ್ ದಾಳವೊಂದನ್ನು ತೆಗೆದು, ಇದನ್ನು ಕಲ್ಲಿನಲ್ಲಿ ಯಾರಾದರೂ ಮಾಡಿಕೊಡುತ್ತೀರಾ ಎಂದು ಕೇಳಿದರು. ಅದಕ್ಕೆ ಆರಲ್ಲ, ಇಪ್ಪತ್ತು ಮುಖ. ಗಂಡಸರು ನಕ್ಕರು. ಮರೆಮ್ಮ ಕೈ ಒರೆಸಿಕೊಂಡು, "ಇಲ್ಲಿ ಕೊಡ್ರಿ, ನೋಡ್ತೀನಿ," ಎಂದಳು.

ಅಂದು ರಾತ್ರಿ ಊಟಕ್ಕೆ ಕೂತಾಗ ಗಂಡನಿಗೆ ಅದನ್ನು ತೋರಿಸಿದಳು. "ನೋಡ್ರಿ, ಯಾವ ಕಡಿ ತಿರುವಿದ್ರೂ ಮೂರು ಮೂಲಿ. ಎದುರುಬದುರು ಅಂಕಿ ಕೂಡಿಸಿದ್ರ ಇಪ್ಪತ್ತೊಂದು. ಯಾರ ತಲಿ ಓಡ್ಯಾದೋ!" ಅವನು ಅದರ ಕಡೆ ನೋಡದೆ ರೊಟ್ಟಿ ಮುರಿಯುತ್ತ ಹೂಂಗುಟ್ಟಿದ್ದ.

ಮೊದಲನೆಯದಕ್ಕೆ ಮೂರು ತಿಂಗಳು ಹಿಡಿಯಿತು. ಒಡೆದ ಫರ್ಸಿಯ ಚೂರು ಆರಿಸಿ, ರಟ್ಟು ಕತ್ತರಿಸಿ ಮಾಡಿಕೊಂಡ ಅಳತೆ ಹಿಡಿದು, ನೀರು ಹಾಕಿ ಹಾಕಿ ಉಜ್ಜಬೇಕು. ಒಂದು ಮುಖ ಕೂದಲೆಳೆಯಷ್ಟು ಹೆಚ್ಚು ಸವೆದರೆ ಉಳಿದ ಹತ್ತೊಂಬತ್ತೂ ಕೆಟ್ಟಂತೆ. ಹತ್ತು ಕಲ್ಲು ಉಜ್ಜಿದರೆ ಏಳು ಕಲ್ಲಿನ ಮೂಲೆ ಒಡೆದು ಹಾರುತ್ತಿತ್ತು. ಕೊನೆಗೆ ಮೊಳೆ ಮಸೆದು ಮಾಡಿದ ಉಳಿಯಿಂದ ಅಂಕಿ ಕೊರೆದು, ಬಣ್ಣ ತುಂಬಿ, ನೂರು ಸಲ ಉರುಳಿಸುವಳು. ಒಂದೇ ಅಂಕಿ ಮೇಲಿಂದ ಮೇಲೆ ಬಿದ್ದರೆ ಆ ಕಲ್ಲು ಸುಳ್ಳು ಹೇಳುತ್ತದೆ ಎಂದು ಬದಿಗಿಡುವಳು. ಮಾಸ್ತರ ಕಡೆಯಿಂದ ಸುದ್ದಿ ಹಬ್ಬಿ ಹೈದರಾಬಾದು, ಪುಣೆಯವರೂ ಕೇಳತೊಡಗಿದರು.

ಶರಣಬಸಪ್ಪನಿಗೆ ದಾಳವೆಂದರೆ ಒಂದೇ ಅರ್ಥ. ಅವನ ಅಣ್ಣ ದೇವಾನಂದ ಜೂಜಿನ ಕಟ್ಟೆಯಲ್ಲಿ ದಾಳವಾಡಿ ಹೊಲ ಕಳೆದುಕೊಂಡು, ಹೆಂಡತಿ ತವರಿಗೆ ಹೋದ ಮರುದಿನ ಬಾವಿಯಲ್ಲಿ ಹೆಣವಾಗಿ ಸಿಕ್ಕಿದ್ದ. ಮೇಲೆತ್ತಿದವನು ಶರಣಬಸಪ್ಪನೇ, ಆಗ ಅವನಿಗೆ ಹತ್ತೊಂಬತ್ತು ವರ್ಷ.

ಮರೆಮ್ಮ ದಾಳ ಮಾಡತೊಡಗಿ ಎರಡು ವರ್ಷವಾದ ಮೇಲೆ ಒಂದು ಮಧ್ಯಾಹ್ನ ಮನೆಗೆ ಬಂದವನು ಕಿಟಕಿಯಲ್ಲಿ ಬಣ್ಣ ಒಣಗಲಿಟ್ಟ ಏಳು ದಾಳಗಳನ್ನು ಕಂಡ. ಏನಾಯಿತೆಂದು ಅವನಿಗೇ ಗೊತ್ತಾಗಲಿಲ್ಲ. ಒಂದೊಂದನ್ನೇ ಬಾಗಿಲ ಬಂಡೆಯ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಿದ. ಏಳನೆಯದು ಪುಡಿಯಾಗುವಾಗ ಮರೆಮ್ಮ ನೀರಿನ ಕೊಡ ಹೊತ್ತು ಎದುರಿಗೆ ನಿಂತಿದ್ದಳು. "ಎರಡು ತಿಂಗಳ ಕೆಲಸ ಇತ್ತು," ಎಂದಷ್ಟೇ ಹೇಳಿ ಕೊಡ ಇಳಿಸಿದಳು.

ಮರುದಿನ ಅಳತೆಯ ರಟ್ಟು, ಉಳಿ, ಬಣ್ಣದ ಡಬ್ಬಿ ಎಲ್ಲ ಶೆಡ್ಡಿಗೆ ಹೋದವು. ಆಮೇಲೆ ಭಾನುವಾರವೂ ಹೋಗತೊಡಗಿದಳು. ಕೆಲಸ ಹೆಚ್ಚಿರಬೇಕು ಅಂದುಕೊಂಡ. ನಾಲ್ಕು ವರ್ಷ ಅವನು ಕೇಳಲಿಲ್ಲ, ಆಕೆ ಹೇಳಲಿಲ್ಲ.

*

ಕಾಗಿಣಾ ದಂಡೆಯ ಮೇಲಿನ ಹೊಲದಲ್ಲಿ ಕುಣಿ ತೋಡಿದ್ದರು. ಮರೆಮ್ಮನನ್ನು ಒಳಗಿಳಿಸಿದ ಮೇಲೆ ಒಬ್ಬೊಬ್ಬರೇ ಬಂದು ಹಿಡಿ ಮಣ್ಣು ಹಾಕಿದರು. ಅಭಯ ಮಾಸ್ತರು ಚಪ್ಪಲಿ ಬಿಟ್ಟು ಬಗ್ಗಿ ಮಣ್ಣು ತಗೊಂಡಾಗ ಸಿದ್ಧಲಿಂಗ ಅಡ್ಡ ಬಂದ.

"ಮಾಸ್ತರ, ಸಿಟ್ಟಾಗಬ್ಯಾಡ್ರಿ. ಜೂಜಿನ ಮಂದಿ ಕೈಮಣ್ಣು ಈ ಮನಿಗಿ ಬ್ಯಾಡ. ಜೂಜಿಗಿ ಈ ಮನ್ಯಾಗ ಒಂದು ಜೀವ ಹೋಗ್ಯಾದ."

ಪ್ರಮಿತಾ ಎರಡು ಹೆಜ್ಜೆ ಹಿಂದೆ ಸರಿದಳು. ಮಾಸ್ತರು ಮಣ್ಣು ಹಿಡಿದೇ ನಿಂತರು. ಶರಣಬಸಪ್ಪ ಕುಣಿಯ ಆಚೆ ಬದಿಯಿಂದ ತಲೆಯೆತ್ತಿದ.

"ನಿಮ್ಮ ಆಟದಾಗ ಗೆದ್ದೋರಿಗಿ ಏನು ಸಿಗತದ್ರಿ?"

"ಏನೂ ಇಲ್ಲರಿ ಕಾಕಾ. ಗೆಲ್ಲೂದು ಸೋಲೂದು ಇಲ್ಲೇ ಇಲ್ಲ. ನಾಲ್ಕು ಮಂದಿ ಕೂತು ಒಂದು ಕಥಿ ಕಟ್ಟತೀವಿ. ಒಬ್ಬೊಬ್ಬರದು ಒಂದೊಂದು ಪಾತ್ರ. ಗ್ವಾಡಿ ಹತ್ತಬೇಕು, ಕಳ್ಳರಿಂದ ತಪ್ಪಿಸ್ಕೋಬೇಕು, ಹಿಂಥಾದ್ದು ಬಂದಾಗ ದಾಳ ಉರುಳಸ್ತೀವಿ. ದೊಡ್ಡ ಅಂಕಿ ಬಿದ್ರ ಆಗತದ, ಸಣ್ಣದು ಬಿದ್ರ ಕಥಿ ಬ್ಯಾರೆ ದಾರಿ ಹಿಡೀತದ. ಅಷ್ಟೇ."

"ನಾಲ್ಕು ಮಂದಿ ಅಂದ್ರ ಯಾರ‍್ಯಾರು?"

ಮಾಸ್ತರು ಗನಿಸಾಬನ ಮುಖ ನೋಡಿದರು. ಗನಿಸಾಬ ಟೊಪ್ಪಿ ಸರಿಮಾಡಿಕೊಂಡು ಮುಂದೆ ಬಂದ. "ನಾ ಹೇಳ್ತೀನಿ. ಇವರಿಬ್ಬರು, ನಾನು, ಮರೆಮ್ಮ ಬೆಹನ್. ಐತವಾರ ಶೆಡ್ಡಿನಾಗ ಚಾಪಿ ಹಾಸಿ ಕುಂದರತಿದ್ವಿ. ನಿನಗ ಹೇಳು ಅಂತ ನಾ ಎಷ್ಟೋ ಸಲ ಅಂದೀನಿ."

"ಯಾಕ ಹೇಳ್ಲಿಲ್ಲಂತ?"

ಪ್ರಮಿತಾ ಮುಂದೆ ಬಂದು ಮೆಲ್ಲಗೆ ಅಂದಳು: "ನೀವು ಒಡದಿದ್ದು ನನ್ನ ದಾಳರಿ. ನನಗ ಭಾಳ ಸಿಟ್ಟು ಬಂದಿತ್ತು. ಮರೆಮ್ಮ ಅವ್ವನೇ ಸಮಾಧಾನ ಮಾಡಿದ್ರು. 'ಅವರು ಸಿಟ್ಟಿಲೆ ಒಡದಿಲ್ಲವ್ವ, ಅಂಜಿ ಒಡದಾರ. ಅಣ್ಣನ್ನ ಬಾವಿಯಿಂದ ಎತ್ತಿದ ಕೈ ಅದು. ದಾಳ ಅಂದ್ರ ಇವತ್ತಿಗೂ ನಡಗತದ. ನಾ ಮತ್ತ ನೆನಪು ಮಾಡಬಾರ್ದು,' ಅಂದ್ರು."

ಶರಣಬಸಪ್ಪ ತನ್ನ ಕೈಗಳನ್ನು ನೋಡಿಕೊಂಡ. ದೇವಾನಂದನ ಹೆಸರನ್ನು ಆ ಮನೆಯಲ್ಲಿ ಅವನೆಂದೂ ಎತ್ತಿರಲಿಲ್ಲ. ಆಕೆಯೂ ಎತ್ತಿರಲಿಲ್ಲ. ತನ್ನ ಅಂಜಿಕೆ ಯಾರಿಗೂ ಗೊತ್ತಿಲ್ಲವೆಂದೇ ತಿಳಿದಿದ್ದ.

"ಸಿದ್ಧಲಿಂಗಣ್ಣ," ಎಂದ. "ಈ ಕಡಿ ಸರಿದು ನಿಲ್ಲು. ಹಾಕ್ಲಿ ಅವರು. ಆಕಿ ಮಂದಿ ಅವರು."

ಸಿದ್ಧಲಿಂಗ ಏನೋ ಗೊಣಗಿ ಪಕ್ಕಕ್ಕೆ ಸರಿದ.

ಮಣ್ಣು ಮುಚ್ಚಿದ ಮೇಲೆ ಎಲ್ಲರೂ ಹೊಳೆಗಿಳಿದು ಮಿಂದು ಊರ ದಾರಿ ಹಿಡಿದರು. ಮಾಸ್ತರು, ಪ್ರಮಿತಾ, ಗನಿಸಾಬ ಮಾತ್ರ ಕಾಲು ತೊಳೆದು ದಡದಲ್ಲಿ ಕಾದಿದ್ದರು. ಒದ್ದೆ ಧೋತರದಲ್ಲೇ ಶರಣಬಸಪ್ಪ ಅವರ ಹತ್ತಿರ ಬಂದ.

"ಆಟದಾಗ ಆಕಿದು ಏನು ಪಾತ್ರ?"

"ಅಂಬಿಗಿತ್ತಿ," ಎಂದರು ಮಾಸ್ತರು. "ನಾವು ಬ್ಯಾರೆ ಏನೇನೋ ಹೇಳಿದ್ವಿ. ಅವರು ಒಪ್ಪಲಿಲ್ಲ. ಹೋದ ವಾರ ದೊಡ್ಡ ಹೊಳಿ ದಾಟಲಿಕತ್ತಿದ್ವಿ. ನಾವೆಲ್ಲ ಅವರ ದೋಣಿಯಾಗ ಇದ್ದೀವಿ. ನಡುನೀರಿಗಿ ಆಟ ನಿಲ್ಲಿಸಿದ್ವಿ, ಬಸ್ಸಿನ ಹೊತ್ತಾತು ಅಂತ ಎದ್ದು ಹೋದ್ರು."

"ಈಗ?"

"ಈಗ ಏನು ಮಾಡಬೇಕಂತ ತಿಳೀವಲ್ದು ಕಾಕಾ."

ಶರಣಬಸಪ್ಪ ಹೊಳೆಯ ಕಡೆ ತಿರುಗಿದ. ಸೇತುವೆ ಆಗುವ ಮುಂಚೆ, ಹರೆಯದಲ್ಲಿ, ಇದೇ ಹೊಳೆಯಲ್ಲಿ ಅವನೂ ಅಪ್ಪನ ಜೊತೆ ದೋಣಿಗೆ ಹುಟ್ಟು ಹಾಕಿದವನು.

"ನಿಮ್ಮ ಆಟದ ಹೊಳ್ಯಾಗ ನೀರಿನ ಸೆಳವು ಹ್ಯಾಂಗದ?"

"ಜೋರದ್ರಿ," ಎಂದಳು ಪ್ರಮಿತಾ. "ಮಳಿ ಬೀಳಲಿಕತ್ತದ."

"ಹಂಗಿದ್ರ ನೆಟ್ಟಗ ಹೋಗಬಾರ್ದು." ಅವನು ಕುಕ್ಕರುಗಾಲಲ್ಲಿ ಕೂತು ಹಸಿ ಉಸುಕಿನ ಮೇಲೆ ಬೆರಳಿನಿಂದ ಎರಡು ದಂಡೆ ಎಳೆದ. ನಡುವೆ ಓರೆಯಾಗಿ ಇನ್ನೊಂದು ಗೆರೆ. "ದೋಣಿ ಮೂತಿ ಈ ಕಡಿ ಹಿಡೀಬೇಕು. ನೀರೇ ಅರ್ಧ ಒಯ್ತದ. ಇಲ್ಲಿ ಬಂದಾಗ ಹುಟ್ಟು ಬಲಕ್ಕ ಹಾಕಬೇಕು, ನೋಡ್ರಿ, ಇಲ್ಲಿ."

ಮೂರೂ ಜನ ಅವನ ಸುತ್ತ ಬಗ್ಗಿದರು. ಧೋತರದಿಂದ ಇಳಿಯುತ್ತಿದ್ದ ನೀರು ಎರಡು ದಂಡೆಗಳ ನಡುವಿನ ತಗ್ಗಿನಲ್ಲಿ ಸಣ್ಣಗೆ ಹರಿಯತೊಡಗಿತ್ತು.