ಬಿರುಕಿನೊಳಗಿನ ಶೇಂಗಾ

ನಾನು ಒಂದು ಕಾಂಕ್ರೀಟ್ ಚಪ್ಪಡಿ. ನವಲಗುಂದದ ಕಡೆಯ ಒಂದು ಊರಿನ ಅಂಗನವಾಡಿಗೆ ಬುನಾದಿಯೂ ನಾನೇ, ನೆಲವೂ ನಾನೇ. ಹುಟ್ಟಿದ್ದು ಸುಡು ಬೇಸಿಗೆಯಲ್ಲಿ, ಕಪ್ಪು ಎರೆ ಭೂಮಿ ಕೈ ಹೋಗುವಷ್ಟು ಬಿರಿದಿದ್ದಾಗ. ಗೌಂಡಿ ಮೌಲಾಸಾಬ ಅಂದೇ ಗುತ್ತಿಗೆದಾರನಿಗೆ ಹೇಳಿದ್ದ: “ಧಣಿ, ಎರಿ ತಗದು ಗರಸು ಮಣ್ಣು ತುಂಬೂಣ್ರಿ. ಇದು ಮಳಿಗೆ ಉಬ್ಬತೈತಿ, ಬಿಸಲಿಗೆ ಕುಗ್ಗತೈತಿ.” ಗುತ್ತಿಗೆದಾರನಿಗೆ ಅವಸರ. ಎರೆಯ ಮೇಲೆಯೇ ನನ್ನನ್ನು ಸುರಿಸಿದ.

ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಮಳೆಗಾಲದಲ್ಲಿ ಮಣ್ಣು ಕೆಳಗಿನಿಂದ ನೂಕುತ್ತದೆ. ಬೇಸಿಗೆಯಲ್ಲಿ ಅಂಚಿನಡಿ ಟೊಳ್ಳು ಮಾಡಿ ಜಾರಿಕೊಳ್ಳುತ್ತದೆ. ನಾಲ್ಕನೆಯ ವರ್ಷ ನನ್ನ ಮೂಡಣ ಅಂಚು ಬಿರಿಯಿತು. ಬಿರುಕು ಗೋಡೆಯನ್ನೂ ಹತ್ತಿತು. ಇದ್ದುದು ಒಂದೇ ಕೋಣೆ, ಪಡುವಣಕ್ಕೆ ಒಲೆ. ಹಾಗಾಗಿ ಮಧ್ಯಾಹ್ನ ಮಕ್ಕಳು ಮಲಗುತ್ತಿದ್ದುದು ಆ ಗೋಡೆಯ ಬುಡದಲ್ಲೇ. ಅವುಗಳ ಉಸಿರು ನನಗೆ ತಾಗಿದಾಗಲೆಲ್ಲ ಹೆದರಿಕೆ. ಹೇಳೋಣವೆಂದರೆ ಬಾಯಿಲ್ಲ.

ಅಡುಗೆಯ ಶಂಕ್ರವ್ವನಿಗೂ ಅದೇ ಹೆದರಿಕೆ. ಅಕ್ಷರ ಬಾರದವಳು, ಆದರೆ ಕಾಳುಕಡಿ ಬಲ್ಲವಳು. ಶಿವರಾತ್ರಿಗೆ ಬಿರುಕಿನ ಅಗಲ ನೋಡಲು ಜೋಳದ ಕಾಳು ಹಾಕಿದಳು, ಒಳಗೆ ಹೋಯಿತು. ಯುಗಾದಿಗೆ ಕಡಲೆ ಹೋಯಿತು. ಬಸವ ಜಯಂತಿಗೆ ಸಿಪ್ಪೆ ಸಮೇತ ಶೇಂಗಾ ಕಾಯಿಯೇ ಹೋಯಿತು. ಅವತ್ತೇ ಟೀಚರಿಂದ ಅರ್ಜಿ ಬರೆಸಿದಳು.

ಸರ್ಕಾರದ ಕೆಲಸ ದೇವರ ಕೆಲಸವಂತೆ. ನಿಧಾನವೂ ಹಾಗೇ ಇರುತ್ತದೆ. ಎಂಜಿನಿಯರ್ ಬಡಿಗೇರ ಬಂದದ್ದು ಶ್ರಾವಣದಲ್ಲಿ. ಅಷ್ಟರಲ್ಲಿ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಂಡಿತ್ತು. ಆತ ಪಟ್ಟಿ ಹಿಡಿದು ನೋಡಿ, “ಕೂದಲಷ್ಟ ಐತಿ. ಏನೂ ಆಗಂಗಿಲ್ಲ” ಎಂದು ಪೆನ್ನು ತೆಗೆದ. ನಾನು ಪಾಸಾಗುವುದರಲ್ಲಿದ್ದೆ. ಪಾಸಾಗಬಾರದೆಂದು ಒಳಗೊಳಗೇ ಒದ್ದಾಡಿದೆ.

“ಸಾಹೇಬ್ರ, ಮಳಿಗಾಲದಾಗ ಇದು ಬಾಯಿ ಮುಚ್ಚಿರತೈತ್ರಿ,” ಎಂದಳು ಶಂಕ್ರವ್ವ. “ಬ್ಯಾಸಗ್ಯಾಗ ಶೇಂಗಾ ಹಾಕೀನಿ. ಬಗದು ನೋಡ್ರಿ.”

ಆತ ನಕ್ಕ. ಆದರೂ ಉಳಿ ತರಿಸಿ ಅಂಚು ಒಡೆದ. ಶೇಂಗಾ ಸಿಕ್ಕಿತು, ಹಪ್ಪಳದಷ್ಟು ಚಪ್ಪಟೆಯಾಗಿ. ಆತನ ನಗು ನಿಂತಿತು. ಗೋಡೆಗೆ ತೂಗುಗುಂಡು ಇಳಿಬಿಟ್ಟ. ಗೋಡೆ ಮೂರು ಬೆರಳು ವಾಲಿತ್ತು. “ಹುಡುಗೂರನ್ನ ಇವತ್ತಾ ಸಾಲಿಗೆ ಕರಕೊಂಡು ಹೋಗವ್ವಾ,” ಎಂದ. ಸಂಜೆಯೊಳಗೆ ಚಾಪೆ, ಪಾತ್ರೆ, ಆಟಿಕೆ ಎಲ್ಲ ಶಾಲೆಗೆ ಹೋದವು. ನಾನು ಫೇಲಾಗಿದ್ದೆ. ಬದುಕಿನಲ್ಲಿ ಮೊದಲ ಸಲ ಹಗುರಾದೆ.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಆ ಗೋಡೆ ನನ್ನ ಮೇಲೆ ಬಿತ್ತು. ಈಗ ನಾನು ಇಟ್ಟಿಗೆ ಹೊತ್ತು ಬಯಲಲ್ಲಿ ಬಿದ್ದಿದ್ದೇನೆ. ಮಣ್ಣು ಇನ್ನೂ ನೂಕುತ್ತದೆ, ಜಾರುತ್ತದೆ. ಅದನ್ನು ನಾನು ಬೈಯುವುದಿಲ್ಲ. ಗುಣ ವಿಚಾರಿಸದೆ ಸಂಬಂಧ ಕುದುರಿಸಿದವರದು ತಪ್ಪು.

ಗೋಡೆ ಬಿದ್ದ ಮರುದಿನವನ್ನು ಮಾತ್ರ ಮರೆಯಲಾರೆ. ಶಂಕ್ರವ್ವ ನೋಡಲು ಬಂದಳು, ಅವಳ ಸೆರಗು ಹಿಡಿದು ಅಂಗನವಾಡಿಯ ನಾಲ್ಕು ವರ್ಷದ ರುಕ್ಸಾನಾ. ಹುಡುಗಿ ಇಟ್ಟಿಗೆ ದಾಟಿ ಓಡಿ, “ಆಯೀ, ನಾ ಇಲ್ಲೇ ಮಲಕೋತಿದ್ದೆ,” ಎಂದು ಆ ರಾಶಿಯ ಮೇಲೆಯೇ ಮಲಗಿ ಕಣ್ಣು ಮುಚ್ಚಿ ತೋರಿಸಿತು. ಶಂಕ್ರವ್ವ ಅದರ ರಟ್ಟೆ ಹಿಡಿದು ಎಳೆದೆಬ್ಬಿಸಿದಳು, ಬೆನ್ನಿಗೊಂದು ಗುದ್ದು ಕೊಟ್ಟಳು, ಆಮೇಲೆ ಎದೆಗವಚಿಕೊಂಡು ನನ್ನ ಮೇಲೆ ಕುಸಿದು ಕೂತು ಅತ್ತಳು.