ಸೌದೆ ಕೊಟ್ಟಿಗೆಯ ಮೊಟ್ಟೆ

ಹೆರಿಗೆಯಾದ ಮೇಲೆ ಕೋಮಲವಲ್ಲಿ ತೀರಾ ಸೊರಗಿದ್ದಳು. ದಿನಕ್ಕೊಂದು ಮೊಟ್ಟೆ ತಿನ್ನಲೇಬೇಕೆಂದು ಬೇಲೂರಿನ ಡಾಕ್ಟರು ಹೇಳಿದರು. ಅಯ್ಯಂಗಾರರ ಮನೆಯಲ್ಲಿ ಮೊಟ್ಟೆಯೇ? ಅವಳು ಒಲ್ಲೆನೆಂದಳು. ಮೇಷ್ಟರಾಗಿದ್ದ ಗಂಡ ಸಂಪತ್ಕುಮಾರನೇ ಬಿಡಲಿಲ್ಲ.

"ಔಷಧಿ ಅಂದ್ಕೊಂಡು ತಿನ್ನೇ. ಅಮ್ಮನಿಗೆ ನಾನು ಹೇಳ್ತೀನಿ" ಎಂದು ತಾನೇ ಮೊಟ್ಟೆ ತಂದು, ಸೌದೆ ಕೊಟ್ಟಿಗೆಯಲ್ಲಿ ರಾಗಿ ತುಂಬಿದ ಮಡಕೆಯೊಳಗೆ ಹುದುಗಿಸಿಟ್ಟ. ನೀರಿನಲ್ಲಿ ಮುಳುಗಿದರೆ ಒಳ್ಳೆಯದು, ತೇಲಿದರೆ ಕೆಟ್ಟದ್ದು ಎಂದು ಕಲಿಸಿದವನೂ ಅವನೇ. ಅವಳು ಅಲ್ಲೇ ಬೇಯಿಸಿ, ಮೂಗು ಮುಚ್ಚಿಕೊಂಡು ನುಂಗುತ್ತಿದ್ದಳು.

ಮೂರನೆಯ ವಾರ, ಸೌದೆ ಎಳೆಯುವಾಗ ಮಡಕೆ ಉರುಳಿ, ಅತ್ತೆಯ ಕಣ್ಣಿಗೆ ರಾಗಿಯೊಳಗಿನ ಮೊಟ್ಟೆಗಳು ಬಿದ್ದವು.

"ಇದನ್ನ ಮನೆಯೊಳಗೆ ಯಾರು ತಂದಿದ್ದು? ನಿನಗೆ ಗೊತ್ತೇನೋ ಸಂಪತ್ತು?"

ಕೋಮಲವಲ್ಲಿ ಗಂಡನ ಮುಖ ನೋಡಿದಳು. ಅವನು ನೆಲ ನೋಡುತ್ತಾ, "ನನಗೇನೂ ಗೊತ್ತಿಲ್ಲಮ್ಮ. ಅವಳನ್ನೇ ಕೇಳು" ಎಂದ.

ಅತ್ತೆ ಅವಳನ್ನು ಅಡುಗೆಮನೆಗೆ ಸೇರಿಸಲಿಲ್ಲ. ಸಂಜೆ ಅವನು ಹಿತ್ತಲಿಗೆ ಬಂದು, "ನಾಲ್ಕು ದಿನ ಸುಮ್ಮನಿರು ಕಣೇ. ಆಮೇಲೆ ಬೇರೆ ಕಡೆ ಬಚ್ಚಿಟ್ಟು ಕೊಡ್ತೀನಿ" ಎಂದು ಪಿಸುಗುಟ್ಟಿದ.

"ನೀವು ತಂದದ್ದನ್ನ ಇನ್ನು ನಾನು ಮುಟ್ಟೋದಿಲ್ಲ" ಎಂದಳು.

ಮರುದಿನ ಮಗುವನ್ನೆತ್ತಿಕೊಂಡು ಬೆಳಗಿನ ಬಸ್ಸಿಗೆ ಅರಸೀಕೆರೆಯ ಅಣ್ಣನ ಮನೆಗೆ ಹೋದಳು. ಬಾಗಿಲಲ್ಲೇ ನಿಂತು, ಮೊಟ್ಟೆ ತಿಂದದ್ದನ್ನೂ ಮುಚ್ಚಿಡದೆ, ನಡೆದದ್ದೆಲ್ಲವನ್ನೂ ಅವನಿಗೆ ಹೇಳಿದಳು.